ಕಿವಿಗೆ ಕೂಲಿ ಕೊಡದ ಊರಲ್ಲಿ ಇಂಜಿನ್ ಇಳಿಯದೆ ಇನ್ನೇನಾದೀತು?

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವನ ಗಾದೆ ಕೇಳಿದರೆ ಶಿವಮೊಗ್ಗದ ಜನ ನಗುತ್ತಾರೆ. ಆದರೆ ಅದೇ ಜನ, ವ್ಯಾನಿನ ಸೀಟಿನ ಕೆಳಗೆ ಎಲ್ಲೋ ಒಂದು 'ಟಿಕ್ ಟಿಕ್' ಕೇಳಿಸಿತೆಂದರೆ ಸಾಕು, ವಾರ ತುಂಬುವುದರೊಳಗೆ ಇಂಜಿನ್ನನ್ನೇ ಕೆಳಗಿಳಿಸಿ, ಗೋಣಿತಾಟಿನ ಮೇಲೆ ಬಿಡಿಬಿಡಿಯಾಗಿ ಹರಡಿಸಿ, ತಲೆ ಮೇಲೆ ಕೈಹೊತ್ತು ಕೂತುಬಿಡುತ್ತಾರೆ. ಎಲ್ಲ ಬಿಚ್ಚಿ, ಎಲ್ಲ ಜೋಡಿಸಿ, ಬಿಲ್ ಕೈಗೆ ಬಂದ ಮೇಲೆ ಗಾಡಿ ಸ್ಟಾರ್ಟ್ ಮಾಡಿದರೆ ಮತ್ತೆ ಅದೇ 'ಟಿಕ್ ಟಿಕ್'! ಬೆಟ್ಟ ಅಗೆದು ಇಲಿ ಹಿಡಿದರೆ ಇಲಿಯಾದರೂ ಸಿಕ್ಕಿತು ಅನ್ನಬಹುದು. ಇಲ್ಲಿ ಇಲಿಯೂ ಇಲ್ಲ.

ಇದು ಯಾವ ಬೆಂಜ್ ಕಾರಿನ ಕಥೆಯೂ ಅಲ್ಲ. ಗಾಂಧಿ ಬಜಾರಿನ ಸಂದಿಗಳಲ್ಲಿ ಬೆಳಗಾದರೆ ಬಂದು ನಿಲ್ಲುವ ಹಳೇ ಮಾರುತಿ ಓಮ್ನಿ ವ್ಯಾನುಗಳ ಕಥೆ. ಬೇಳೆ ಮೂಟೆ, ಎಣ್ಣೆ ಡಬ್ಬ, ಸೊಪ್ಪಿನ ಬುಟ್ಟಿ, ಮದುವೆ ಮನೆಯ ಪಾತ್ರೆ, ಆಸ್ಪತ್ರೆಯ ರೋಗಿ, ಸ್ಕೂಲ್ ಮಕ್ಕಳು... ಈ ಡಬ್ಬದೊಳಗೆ ಏರದ ಜೀವವಿಲ್ಲ, ವಸ್ತುವಿಲ್ಲ. 1984ರಲ್ಲಿ 'ಮಾರುತಿ ವ್ಯಾನ್' ಎಂಬ ಹೆಸರಿನಲ್ಲಿ ಬಂದ ಗಾಡಿ ಇದು. ಆಮೇಲೆ 'ಓಮ್ನಿ' ಆಯಿತು. 2019ರಲ್ಲಿ ಕಂಪನಿ ತಯಾರಿಕೆಯನ್ನೇ ನಿಲ್ಲಿಸಿತು. ಅಂದ ಮೇಲೆ ಇವತ್ತು ರಸ್ತೆಯಲ್ಲಿ ಓಡುತ್ತಿರುವ ಒಂದೊಂದು ಓಮ್ನಿಯೂ ಹಳೆಯದೇ. ಹಳೆಯದೆಂದ ಮೇಲೆ ಶಬ್ದ ಬಂದೇ ಬರುತ್ತದೆ. ಶಬ್ದ ಬಂದದ್ದು ದೊಡ್ಡ ಸಂಗತಿಯಲ್ಲ ಸ್ವಾಮಿ. ಆ ಶಬ್ದ ಏನು ಹೇಳುತ್ತಿದೆ ಎಂದು ಕೇಳಿಸಿಕೊಳ್ಳುವವರು ಕಡಿಮೆಯಾಗುತ್ತಿರುವುದು ದೊಡ್ಡ ಸಂಗತಿ.

ಮೂರು ಗ್ಯಾರೇಜು, ಮೂರು ತೀರ್ಪು

ಬಜಾರಿನ ಒಬ್ಬ ಕಿರಾಣಿ ಅಂಗಡಿಯವರ ವ್ಯಾನಿಗೆ ಆದದ್ದನ್ನು ನೋಡಿ. ಬೆಳಿಗ್ಗೆ ಅಂಗಡಿ ಹುಡುಗನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಸಾಗರ ರಸ್ತೆಯ ಎಪಿಎಂಸಿ ಯಾರ್ಡಿಗೆ ಹೋಗುವುದು ಅವರ ದಿನಚರಿ. ಸ್ಟಾರ್ಟ್ ಮಾಡಿದ ಕೂಡಲೇ ಸೀಟಿನ ಕೆಳಗೆ 'ಚಿಕ್ ಚಿಕ್ ಚಿಕ್' ಎಂಬ ಶಬ್ದ. ಆಕ್ಸಿಲೇಟರ್ ಒತ್ತಿದರೆ ಜೋರು. ಯಾರ್ಡ್ ಮುಟ್ಟುವ ಹೊತ್ತಿಗೆ ಅರ್ಧಕ್ಕರ್ಧ ಇಳಿದಿರುತ್ತಿತ್ತು. ವಾಪಸ್ ಬರುವಾಗ ಶಬ್ದವೇ ಇಲ್ಲ!

ಮೊದಲನೇ ಗ್ಯಾರೇಜಿನವರು ಸೀಟು ಎತ್ತಿ ನೋಡಿ, 'ಟ್ಯಾಪೆಟ್ ಸಾರ್' ಅಂದರು. ಟ್ಯಾಪೆಟ್ ಹೊಂದಿಸಿದ್ದಾಯಿತು, ದುಡ್ಡು ತೆತ್ತದ್ದಾಯಿತು. ಮಾರನೇ ಬೆಳಿಗ್ಗೆ ಮತ್ತೆ 'ಚಿಕ್ ಚಿಕ್'. ಎರಡನೇ ಗ್ಯಾರೇಜಿನವರು ಬೀಡಿ ಆರಿಸದೆಯೇ ತೀರ್ಪು ಕೊಟ್ಟರು: 'ಬೇರಿಂಗ್ ಹೋಗಿದೆ ಯಜಮಾನ್ರೇ, ಇಂಜಿನ್ ಇಳಿಸಲೇಬೇಕು.' ಕೇಳಿದ ಮೊತ್ತ ಹತ್ತಾರು ಸಾವಿರ. ಮೂರನೆಯವರು ಇನ್ನೂ ಧಾರಾಳಿ. 'ಇದನ್ನ ಕೊಟ್ಟುಬಿಡಿ, ಒಳ್ಳೇ ಪಾರ್ಟಿ ಇದಾನೆ' ಅಂದರು.

ಗಾಡಿ ಒಂದು, ಶಬ್ದ ಒಂದು, ತೀರ್ಪು ಮೂರು. ಮೂವರಲ್ಲಿ ಒಬ್ಬರಾದರೂ 'ಯಾವಾಗಿಂದ ಬರ್ತಿದೆ? ತಣ್ಣಗಿದ್ದಾಗ ಬರುತ್ತೋ, ಬಿಸಿಯಾದಾಗ ಬರುತ್ತೋ?' ಅಂತ ಕೇಳಲಿಲ್ಲ.

ಕೊನೆಗೆ ಸಿಕ್ಕವರು ವಯಸ್ಸಾದ ಒಬ್ಬ ಮೇಸ್ತ್ರಿ. ಗ್ಯಾರೇಜು ಮುಚ್ಚಿ ಮನೆಯಲ್ಲಿದ್ದವರು. ಅವರು ಗಾಡಿಯನ್ನು ತರಲು ಹೇಳಲಿಲ್ಲ. 'ಸಾಹುಕಾರ್ರೇ, ನಾಳೆ ಬೆಳಿಗ್ಗೆ ನಾನೇ ಬರ್ತೀನಿ. ನಾನು ಬರೋತನಕ ಚಾವಿ ಮುಟ್ಟಬೇಡಿ' ಅಂದರು. ಬಂದವರು ಸ್ಪ್ಯಾನರ್ ತೆಗೆಯುವ ಮೊದಲು ನಾಲ್ಕು ಪ್ರಶ್ನೆ ಕೇಳಿದರು. ಕೊನೇ ಪ್ರಶ್ನೆ ಎಲ್ಲರಿಗೂ ವಿಚಿತ್ರವಾಗಿತ್ತು: 'ಗಾಡೀಲಿ ಕೂತೋರಿಗೆ ಯಾರಿಗಾದ್ರೂ ತಲೆನೋವು ಬರುತ್ತಾ?'

ಅಂಗಡಿ ಹುಡುಗ ಹೌದೆಂದು ತಲೆಯಾಡಿಸಿದ. ಚಳಿಗೆ ಕಿಟಕಿ ಏರಿಸಿಕೊಂಡು ಕೂರುವ ಹುಡುಗ ಅವನು.

ಮೇಸ್ತ್ರಿ ಸೀಟು ಎತ್ತಿಸಿ, ತಣ್ಣಗಿದ್ದ ಇಂಜಿನ್ನನ್ನು ಸ್ಟಾರ್ಟ್ ಮಾಡಿಸಿ, ಒಂದು ಮೊಳದ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಇಂಜಿನ್ನಿನ ಪಕ್ಕಕ್ಕೆ ಹಿಡಿದು ಸುತ್ತಾಡಿಸಿದರು. ಹೊಗೆ ಹೊರಹೋಗುವ ಮ್ಯಾನಿಫೋಲ್ಡು ಇಂಜಿನ್ ತಲೆಗೆ ಕೂರುವ ಜಾಗದಲ್ಲಿ ಪೈಪು ನಿಂತಿತು. ಟಾರ್ಚ್ ಬಿಟ್ಟು ನೋಡಿದರೆ ಅಲ್ಲಿ ಕಾಡಿಗೆ ಬಳಿದಂತೆ ಮಸಿ! ಪ್ಯಾಕಿಂಗ್ ಸುಟ್ಟುಹೋಗಿತ್ತು. ಒಂದು ಸ್ಟಡ್ ಮುರಿದಿತ್ತು. ತಣ್ಣಗಿದ್ದಾಗ ಸಂದು ತೆರೆದಿರುತ್ತದೆ, ಹೊಗೆ 'ಚಿಕ್ ಚಿಕ್' ಎಂದು ಹೊರಗೆ ಚಿಮ್ಮುತ್ತದೆ. ಕಬ್ಬಿಣ ಕಾದು ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ, ಶಬ್ದ ಅಡಗುತ್ತದೆ. ಇಷ್ಟೇ ವಿಷಯ. ಅರ್ಧ ದಿನದ ಕೆಲಸ, ಸಾಮಾನಿಗೆ ಆದದ್ದು ಕೆಲವೇ ನೂರು ರೂಪಾಯಿ.

ಇಂಜಿನ್ ಇಳಿಸಿದ್ದರೂ ಪ್ಯಾಕಿಂಗ್ ಹೊಸದಾಗಿಯೇ ಬೀಳುತ್ತಿತ್ತು, ಶಬ್ದವೂ ಹೋಗುತ್ತಿತ್ತು. 'ನೋಡಿದ್ರಾ, ಬೇರಿಂಗ್ ಹಾಕಿದ್ದಕ್ಕೇ ಸರಿಹೋಯ್ತು' ಎಂಬ ಮಾತೂ ಬರುತ್ತಿತ್ತು. ಸಾಹುಕಾರರು ಅದನ್ನೇ ನಂಬಿಕೊಂಡು ಹತ್ತು ಜನಕ್ಕೆ ಆ ಗ್ಯಾರೇಜಿನ ವಿಳಾಸ ಕೊಡುತ್ತಿದ್ದರು!

ಶಬ್ದಕ್ಕೂ ಒಂದು ವಿಳಾಸವಿದೆ

ಇಂಜಿನ್ನಿನ ಶಬ್ದ ದೆವ್ವದ ಕಾಟವಲ್ಲ. ಪ್ರತಿಯೊಂದು ಶಬ್ದಕ್ಕೂ ಜಾಗ ಇದೆ, ಹೊತ್ತು ಇದೆ, ತಾಳ ಇದೆ. ಈ ಮೂರನ್ನು ಹಿಡಿದರೆ ಮುಕ್ಕಾಲು ಪಾಲು ರೋಗ ಬಿಚ್ಚದೆಯೇ ಸಿಕ್ಕಿಬೀಳುತ್ತದೆ. ಮೆಕ್ಯಾನಿಕ್ ಅಲ್ಲದವರೂ ಇಷ್ಟು ತಿಳಿದುಕೊಂಡರೆ ನಷ್ಟವೇನಿಲ್ಲ.

ಮೊದಲ ಪ್ರಶ್ನೆ: ಶಬ್ದ ಇಂಜಿನ್ನಿನದೋ, ಅಲ್ಲವೋ? ಗಾಡಿ ನಿಲ್ಲಿಸಿ ನ್ಯೂಟ್ರಲ್‌ನಲ್ಲಿಟ್ಟು ರೇಸ್ ಕೊಡಿ. ಶಬ್ದ ಬಂದರೆ ಇಂಜಿನ್ ಕಡೆಯದು. ಗಾಡಿ ಓಡುವಾಗ ಮಾತ್ರ ಬರುತ್ತದೆ, ನಿಂತಾಗ ಇಲ್ಲ ಅಂದರೆ ಚಕ್ರದ ಬೇರಿಂಗೋ, ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟಿನ ಕ್ರಾಸೋ ಇರಬೇಕು. ಸೀಟಿನಡಿ ಜ್ಯಾಕ್ ರಾಡು ಅಲ್ಲಾಡುತ್ತಿದ್ದದ್ದಕ್ಕೆ, ಸೈಲೆನ್ಸರ್ ಮೇಲಿನ ತಗಡು ಸಡಿಲವಾದದ್ದಕ್ಕೆ ಗ್ಯಾರೇಜು ಸುತ್ತಿದವರು ಕಡಿಮೆಯೇನಲ್ಲ.

ಎರಡನೆಯದು ಕ್ಲಚ್. ಪೆಡಲ್ ತುಳಿದಾಗ ಶಬ್ದ ಶುರುವಾದರೆ ರಿಲೀಸ್ ಬೇರಿಂಗ್ ಮೇಲೆ ಅನುಮಾನ. ಸುಮ್ಮನೆ ನಿಂತಾಗ ಇರುವ 'ಗುರ್ರ್' ಕ್ಲಚ್ ತುಳಿದ ಕೂಡಲೇ ಮಾಯವಾದರೆ ಗೇರ್ ಬಾಕ್ಸಿನ ಬೇರಿಂಗ್ ಸವೆದಿದೆ ಎಂದು ಲೆಕ್ಕ. ಕಾಲಿನ ಒಂದು ಒತ್ತಿನಿಂದ ಗೊತ್ತಾಗುವ ಸಂಗತಿ ಇದು.

ಮೂರನೆಯದು ಬೆಲ್ಟು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲೋ, ಹೆಡ್‌ಲೈಟ್ ಹಾಕಿದಾಗಲೋ 'ಕೀಂ' ಎಂದು ಕಿರುಚಿದರೆ ಬೆಲ್ಟ್ ಸಡಿಲವಾಗಿದೆ ಇಲ್ಲವೆ ಒಣಗಿದೆ. ನಾಲ್ಕು ಹನಿ ನೀರು ಬಿದ್ದಾಗ ಒಂದು ಗಳಿಗೆ ಸುಮ್ಮನಾದರೆ ಕಳ್ಳ ಅವನೇ. ಕಿರುಚದೆ 'ಗುರುಗುರು' ಅನ್ನುತ್ತಿದ್ದರೆ ಆ ಬೆಲ್ಟ್ ತಿರುಗಿಸುವ ಆಲ್ಟರ್ನೇಟರ್ ಅಥವಾ ವಾಟರ್ ಪಂಪಿನ ಬೇರಿಂಗ್ ಇರಬಹುದು. ಮೇಸ್ತ್ರಿ ತಣ್ಣಗಿನ ಇಂಜಿನ್ನಿನ ಬೆಲ್ಟ್ ಕಳಚಿ ಅರ್ಧ ನಿಮಿಷ ಓಡಿಸಿ ನೋಡುತ್ತಾನೆ. ಶಬ್ದ ನಿಂತರೆ ಇಂಜಿನ್ನಿನ ಹೊಟ್ಟೆ ಶುದ್ಧ! ಅರ್ಧ ನಿಮಿಷಕ್ಕಿಂತ ಹೆಚ್ಚು ಹೊತ್ತು ಓಡಿಸಬಾರದು; ಬೆಲ್ಟ್ ಇಲ್ಲದಿದ್ದರೆ ನೀರು ತಿರುಗುವುದಿಲ್ಲ, ಇಂಜಿನ್ ಕಾದುಹೋಗುತ್ತದೆ.

ಇನ್ನು ಊರಿಗೆಲ್ಲ ಪರಿಚಯದ ಟ್ಯಾಪೆಟ್. ಇದು ಇಂಜಿನ್ನಿನ ತಲೆಯ ಕಡೆಯಿಂದ ಬರುವ ಹಗುರ ಶಬ್ದ, ಹೊಲಿಗೆ ಮೆಷಿನ್ ಓಡಿದ ಹಾಗೆ. ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟು ಕ್ರ್ಯಾಂಕ್ ಎರಡು ಸುತ್ತು ಬಂದರೆ ತಾನು ಒಂದು ಸುತ್ತು ಬರುತ್ತದೆ. ಅಂದರೆ ಇಂಜಿನ್ ನಿಮಿಷಕ್ಕೆ 900 ಸುತ್ತು ತಿರುಗಿದರೆ ಒಂದು ಟ್ಯಾಪೆಟ್ ಬಡಿಯುವುದು 450 ಸಲ. ಕೆಳಗಿನ ಕ್ರ್ಯಾಂಕ್ ಕಡೆಯ ಏಟು ಇದರ ದುಪ್ಪಟ್ಟು ಬೇಗ. ಲೆಕ್ಕ ಹಾಕಲು ಯಾರಿಗೂ ಆಗುವುದಿಲ್ಲ, ಆದರೆ ಪಳಗಿದ ಕಿವಿಗೆ ಈ ತಾಳದ ವ್ಯತ್ಯಾಸ ತಬಲ ಕೇಳಿದಷ್ಟೇ ಸಲೀಸು. ಫೀಲರ್ ಗೇಜ್ ಇಟ್ಟು ಸಂದು ಹೊಂದಿಸಿದರೆ ಕೆಲಸ ಮುಗಿಯಿತು. ಶಬ್ದ ಅಡಗಲಿ ಎಂದು ತೀರಾ ಬಿಗಿ ಮಾಡಿಸುವವರೂ ಇದ್ದಾರೆ. ಬಿಗಿ ಮಾಡಿದರೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ ಸುಟ್ಟುಹೋಗುತ್ತದೆ. ಸ್ವಲ್ಪ ಮಾತಾಡುವ ಟ್ಯಾಪೆಟ್ಟೇ ವಾಸಿ ಅನ್ನುವುದು ಹಳಬರ ಮಾತು.

ಹೆದರಬೇಕಾದ ಶಬ್ದ ಬೇರೆ ಇದೆ. ಇಂಜಿನ್ನಿನ ಕೆಳಭಾಗದಿಂದ 'ಧಡ್ ಧಡ್' ಎಂದು ಗಟ್ಟಿಯಾಗಿ, ಸುತ್ತಿಗೆಯಲ್ಲಿ ಬಡಿದಂತೆ, ಬಿಸಿಯಾದಷ್ಟೂ ಹೆಚ್ಚಾಗಿ, ಲೋಡ್ ಬಿದ್ದಾಗ ಜೋರಾಗಿ ಬರುವ ಶಬ್ದ. ಅದು ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದ ಕುರುಹು. ಓಮ್ನಿಯ 796 ಸಿಸಿ ಇಂಜಿನ್ನಿಗೆ ಮೂರೇ ಸಿಲಿಂಡರ್. ಹಳೆಯ ಕಾರ್ಬ್ಯುರೇಟರ್ ಗಾಡಿಯಾದರೆ ತಿಳಿದ ಮೇಸ್ತ್ರಿ ಒಂದೊಂದೇ ಪ್ಲಗ್ಗಿನ ಕರೆಂಟ್ ತಪ್ಪಿಸಿ ನೋಡುತ್ತಾನೆ. ಯಾವುದನ್ನು ತಪ್ಪಿಸಿದಾಗ ಏಟು ಮೆತ್ತಗಾಯಿತೋ ಆ ಸಿಲಿಂಡರಿನ ರಾಡೇ ರೋಗಿ. ಟ್ಯಾಪೆಟ್ ಶಬ್ದ ಇದಕ್ಕೆಲ್ಲ ಜಗ್ಗುವುದಿಲ್ಲ, ಇದ್ದ ಹಾಗೇ ಇರುತ್ತದೆ. ಬಿಚ್ಚುವ ಮೊದಲೇ ರೋಗಿಯ ಹೆಸರು ಹೇಳುವ ಪರೀಕ್ಷೆ ಇದು. ಆದರೆ ಗೊತ್ತಿಲ್ಲದವರು ಕೈಹಾಕಿದರೆ ಶಾಕ್ ಖಂಡಿತ, ಈಚಿನ ಎಂಪಿಎಫ್‌ಐ ಗಾಡಿಗೆ ಹೀಗೆ ಮಾಡುವುದು ಸಲ್ಲದು.

ಏರು ಹತ್ತುವಾಗ ಮಾತ್ರ 'ಕಟಕಟ' ಎಂದು ಗೋಲಿ ಅಲ್ಲಾಡಿಸಿದಂತೆ ಕೇಳುವುದು ಇನ್ನೊಂದು ಜಾತಿ. ಮೂಟೆ ತುಂಬಿಕೊಂಡು ಆಗುಂಬೆ ಘಾಟಿಯನ್ನು ಟಾಪ್ ಗೇರಿನಲ್ಲೇ ಹತ್ತಿಸಬೇಕೆಂಬ ಹಟಕ್ಕೆ ಇಂಜಿನ್ ಕೊಡುವ ಉತ್ತರ ಅದು. ಗೇರ್ ಇಳಿಸಿದರೆ ನಿಂತರೆ ಸರಿ, ನಿಲ್ಲದಿದ್ದರೆ ಇಗ್ನಿಷನ್ ಟೈಮಿಂಗ್ ನೋಡಿಸಬೇಕು, ಒಳಗೆ ಕಟ್ಟಿದ ಕಾರ್ಬನ್ ನೋಡಿಸಬೇಕು. ಬೆಳಿಗ್ಗೆ ಎರಡು ನಿಮಿಷ 'ಲೊಟಲೊಟ' ಅಂದು ಬಿಸಿಯಾದ ಮೇಲೆ ಸುಮ್ಮನಾಗುವ ಪಿಸ್ಟನ್ ಶಬ್ದವೂ ಉಂಟು. ಸವೆದ ಪಿಸ್ಟನ್ ಕಾದು ಹಿಗ್ಗಿ ಸಿಲಿಂಡರಿಗೆ ಸರಿಯಾಗಿ ಕೂತಾಗ ಅದು ಅಡಗುತ್ತದೆ. ಅಂಥ ಗಾಡಿ ವರ್ಷಗಟ್ಟಲೆ ಓಡಿದ್ದೂ ಇದೆ.

ಇಲ್ಲೇ ಇರುವುದು ಮೋಸ. ತಣ್ಣಗಿದ್ದಾಗ ಬಂದು ಬಿಸಿಯಾದಾಗ ಹೋಗುವ ಶಬ್ದಕ್ಕೆ ಪಿಸ್ಟನ್ನೂ ಕಾರಣ ಇರಬಹುದು, ಮ್ಯಾನಿಫೋಲ್ಡ್ ಪ್ಯಾಕಿಂಗೂ ಕಾರಣ ಇರಬಹುದು. ಒಂದಕ್ಕೆ ಕಾಯಬಹುದು, ಇನ್ನೊಂದಕ್ಕೆ ಕಾಯಲೇಬಾರದು. ಕಿವಿಯೊಂದನ್ನೇ ನಂಬದೆ ಮಸಿ ಹುಡುಕುವ ಕಣ್ಣು, ತಲೆನೋವು ವಿಚಾರಿಸುವ ಬಾಯಿ ಬೇಕಾಗುವುದು ಅದಕ್ಕೇ.

ಸೀಟಿನ ಕೆಳಗಿನ ವಿಷ

ಇದುವರೆಗಿನದು ದುಡ್ಡಿನ ಮಾತು. ಇನ್ನು ಜೀವದ ಮಾತು.

ಓಮ್ನಿಯ ಇಂಜಿನ್ ಇರುವುದು ಮುಂದಿನ ಸೀಟುಗಳ ಅಡಿಯಲ್ಲಿ. ಇಂಜಿನ್ನಿನ ಹೊಗೆ ಸೈಲೆನ್ಸರ್ ತುದಿಯಲ್ಲಿ ಹೊರಬಿದ್ದರೆ ರಸ್ತೆಯ ಪಾಲು. ಮ್ಯಾನಿಫೋಲ್ಡ್ ಹತ್ತಿರವೇ ಸೋರಿದರೆ ಕೂತವರ ಪಾಲು. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನ ಜತೆ ಒಳಹೋದರೆ ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ತಾನು ಕೂರುತ್ತದೆ. ಮೊದಲು ತಲೆನೋವು, ಆಮೇಲೆ ಓಕರಿಕೆ, ತಲೆಸುತ್ತು, ಮಂಪರು. ಹೆಚ್ಚಾದರೆ ಪ್ರಾಣವೇ ಹೋಗುತ್ತದೆ. ಮಳೆಗಾಲದಲ್ಲಿ ಗಾಜು ಏರಿಸಿಕೊಂಡು ಕೂರುವ ಮಲೆನಾಡಿನಲ್ಲಿ ಇದನ್ನು ಹಗುರಾಗಿ ನೋಡುವ ಹಾಗಿಲ್ಲ.

ಹೊಗೆ ಪರೀಕ್ಷೆಯ ಚೀಟಿ ಇದೆಯಲ್ಲ ಅನ್ನುತ್ತೀರಾ? ಆ ಮೆಷಿನ್ನಿನ ಕಡ್ಡಿ ತೂರಿಸುವುದು ಸೈಲೆನ್ಸರಿನ ತುದಿಗೆ. ದಾರಿಯಲ್ಲೇ ಸೋರಿದ್ದನ್ನು ಅದು ಹೇಳುವುದಿಲ್ಲ. ಚೀಟಿ ಪಾಸಾಗಿರುತ್ತದೆ, ಮಗು 'ಅಮ್ಮಾ ತಲೆನೋವು' ಅಂತ ಸ್ಕೂಲಿನಿಂದ ಬಂದಿರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಈ ಪತ್ರಿಕೆ ಓದುತ್ತಿರುವ ತಂದೆ ತಾಯಿಯರು ಇವತ್ತು ಸಂಜೆ ಮನೆಗೆ ಹೋಗಿ ಮಕ್ಕಳನ್ನು ಒಂದು ಮಾತು ಕೇಳಬೇಕು: ವ್ಯಾನಿನಲ್ಲಿ ಕೂತಾಗ ತಲೆ ನೋಯುತ್ತಾ, ಇಳಿದ ಮೇಲೆ ಹೋಗುತ್ತಾ? ಹೌದೆಂದರೆ ವ್ಯಾನಿನವರ ಜತೆ ಜಗಳ ಬೇಡ. 'ಮ್ಯಾನಿಫೋಲ್ಡ್ ತೋರಿಸಿಬಿಡಿ ಅಣ್ಣಾ' ಅಂದರೆ ಸಾಕು. ತೋರಿಸುವ ತನಕ ಮಕ್ಕಳನ್ನು ಅದರಲ್ಲಿ ಕೂರಿಸುವುದು ಬೇಡ.

ಇನ್ನೊಂದು, ಡ್ಯಾಶ್‌ಬೋರ್ಡಿನ ಕೆಂಪು ಎಣ್ಣೆ ದೀಪ. ಈ ಇಂಜಿನ್ನಿಗೆ ಹಿಡಿಯುವ ಎಣ್ಣೆಯೇ ಸುಮಾರು ಮೂರು ಲೀಟರ್. ಒಂದು ಲೀಟರ್ ಕಡಿಮೆಯಾದರೆ ಮೂರನೇ ಒಂದು ಭಾಗ ಹೋದಂತೆ. 'ಧಡ್ ಧಡ್' ಶಬ್ದವೂ ಇದೆ, ಕೆಂಪು ದೀಪವೂ ಮಿನುಗುತ್ತಿದೆ ಅಂದರೆ ಅಲ್ಲೇ ಆಫ್ ಮಾಡಬೇಕು. 'ಭದ್ರಾವತಿ ತನಕ ಹೋಗಿಬಿಡೋಣ' ಅಂದವರ ರಾಡು ಬ್ಲಾಕನ್ನೇ ಒಡೆದುಕೊಂಡು ಹೊರಗೆ ಬರುತ್ತದೆ. ಆಗ ಯಾವ ಮೇಸ್ತ್ರಿಯ ಕಿವಿಯೂ ಬೇಡ, ಗುಜರಿಯವರ ತಕ್ಕಡಿ ಸಾಕು.

ಸುಮ್ಮಸುಮ್ಮನೆ ಹೆದರಿ ಇಂಜಿನ್ ಇಳಿಸುವುದೂ ದಂಡ, ಹೆದರಬೇಕಾದಲ್ಲಿ ಹೆದರದೆ ಓಡಿಸುವುದೂ ದಂಡ. ಎರಡಕ್ಕೂ ಮೂಲ ಒಂದೇ. ಯಾರೂ ಕೂತು ಕೇಳಿಸಿಕೊಂಡಿಲ್ಲ.

ತಪ್ಪು ಮೆಕ್ಯಾನಿಕ್‌ನದು ಮಾತ್ರವೇ?

'ಗ್ಯಾರೇಜಿನವರೆಲ್ಲ ಕಳ್ಳರು' ಅಂತ ಹೇಳಿ ಕೈತೊಳೆದುಕೊಳ್ಳುವುದು ಬಹಳ ಸುಲಭ. ಅಂಗಡಿ ಕಟ್ಟೆಯ ಮೇಲೆ ಕೂತು ದಿನಾ ಆಡುವ ಮಾತೇ ಅದು. ಆದರೆ ಗಾಡಿ ಯಜಮಾನರು ಸ್ವಲ್ಪ ಕನ್ನಡಿ ನೋಡಿಕೊಳ್ಳಬೇಕು.

ಮೇಲೆ ಹೇಳಿದ ಹಳೇ ಮೇಸ್ತ್ರಿಗೆ ಸಿಕ್ಕಿದ್ದೇನು? ಪ್ಯಾಕಿಂಗಿನ ದುಡ್ಡು, ಸ್ಟಡ್ಡಿನ ದುಡ್ಡು, ಬಿಚ್ಚಿ ಹಾಕಿದ ಕೂಲಿ. ಬೆಳಗಿನ ಚಳಿಯಲ್ಲಿ ಬಂದು, ಪ್ರಶ್ನೆ ಕೇಳಿ, ಕಿವಿಯಿಟ್ಟು, ರೋಗ ಪತ್ತೆ ಮಾಡಿದ್ದಕ್ಕೆ? ಒಂದು ಲೋಟ ಕಾಫಿ! ತಪ್ಪು ಪತ್ತೆ ಮಾಡಿದ ಮೊದಲ ಗ್ಯಾರೇಜಿಗೆ ಟ್ಯಾಪೆಟ್ ಕೂಲಿ ಪೂರ್ತಿ ಸಂದಿತ್ತು. ಎರಡನೆಯವರಿಗೆ ಇಂಜಿನ್ ಸಿಕ್ಕಿದ್ದರೆ ಹತ್ತಾರು ಸಾವಿರ ಬರುತ್ತಿತ್ತು. ಸರಿಯಾಗಿ ಹೇಳಿದವನಿಗೆ ಮಾತ್ರ ಕಾಫಿ.

ಇದು ಒಬ್ಬ ಸಾಹುಕಾರರ ಜಿಪುಣತನ ಅಲ್ಲ, ಊರಿನ ಪದ್ಧತಿಯೇ ಹೀಗೆ. ಸ್ಪ್ಯಾನರ್ ತಿರುಗಿಸಿದರೆ ಕೂಲಿ, ಸಾಮಾನು ಹಾಕಿದರೆ ಕಮಿಷನ್, ಕಿವಿಯಿಟ್ಟು ಕೇಳಿದರೆ ಸೊನ್ನೆ. ಅರ್ಧ ಗಂಟೆ ಕೇಳಿ 'ಏನೂ ಆಗಿಲ್ಲ ಸಾರ್, ಓಡಿಸಿ' ಎಂದು ಹೇಳಿದ ಮೆಕ್ಯಾನಿಕ್‌ಗೆ ನೂರು ರೂಪಾಯಿ ಕೊಡುವವರು ಯಾರಿದ್ದಾರೆ? 'ಏನೂ ಮಾಡಲೇ ಇಲ್ವಲ್ಲ, ಯಾಕಪ್ಪಾ ದುಡ್ಡು?' ಅನ್ನುತ್ತಾರೆ. ಡಾಕ್ಟರ್ ಸ್ಟೆತಾಸ್ಕೋಪ್ ಇಟ್ಟು 'ಎದೆ ಚೆನ್ನಾಗಿದೆ' ಅಂದರೆ ಫೀಸು ಕೊಟ್ಟು ಕೈಮುಗಿದು ಬರುವವರೂ ಇವರೇ.

ಬಾಡಿಗೆ ಕಟ್ಟಬೇಕು, ಇಬ್ಬರು ಹುಡುಗರಿಗೆ ಸಂಬಳ ಕೊಡಬೇಕು, ಬಿಚ್ಚದಿದ್ದರೆ ದುಡ್ಡಿಲ್ಲ. ಇಂಥ ಲೆಕ್ಕದಲ್ಲಿ ಕೂರಿಸಿದ ಮೇಲೆ ಅವನು ಬಿಚ್ಚುತ್ತಾನೆ. ವ್ಯಾಪಾರ ಗೊತ್ತಿರುವ ಬಜಾರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಾವುದಕ್ಕೆ ಬೆಲೆ ಕಟ್ಟುತ್ತೀರೋ ಅದೇ ಸರಕು ಅಂಗಡಿಗೆ ಬರುತ್ತದೆ. ಬಿಚ್ಚುವುದಕ್ಕೆ ಬೆಲೆ ಕಟ್ಟಿದ್ದೀರಿ, ಬಿಚ್ಚುವವರೇ ಸಿಗುತ್ತಾರೆ.

ಗ್ರಾಹಕರ ಇನ್ನೊಂದು ಚಟವಿದೆ. ರೋಗ ಹೇಳುವ ಬದಲು ಔಷಧಿ ಹೇಳುವುದು! 'ಟ್ಯಾಪೆಟ್ ಮಾಡಿಕೊಡು', 'ಬೆಲ್ಟ್ ಬದಲಾಯಿಸು' ಅಂತ ಅಪ್ಪಣೆ ಮಾಡಿ ಚಾವಿ ಎಸೆದು ಹೋಗುತ್ತಾರೆ. ಬಸ್ ಡಿಪೋದಲ್ಲಿ ಡ್ಯೂಟಿ ಮುಗಿಸಿದ ಡ್ರೈವರ್ ಗಾಡಿಯ ದೋಷ ಬರೆದುಕೊಡುವ ಪದ್ಧತಿ ಇದೆ. ಅಷ್ಟು ದೊಡ್ಡ ಬಸ್ಸಿಗೇ ಆ ಶಿಸ್ತು ಬೇಕೆಂದ ಮೇಲೆ ಒಂದು ವ್ಯಾನಿಗೆ ಒಂದು ತುಂಡು ಚೀಟಿ ಬರೆಯಲು ಏನು ಕಷ್ಟ? 'ಬೆಳಿಗ್ಗೆ ಬರುತ್ತೆ, ಹತ್ತು ನಿಮಿಷಕ್ಕೆ ಹೋಗುತ್ತೆ, ರೇಸ್ ಕೊಟ್ಟರೆ ಜಾಸ್ತಿ, ಹದಿನೈದು ದಿನದಿಂದ' ಎಂದು ನಾಲ್ಕು ಸಾಲು ಬರೆದುಕೊಟ್ಟರೆ ಒಳ್ಳೇ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಮುಗಿದಂತೆ. ತಣ್ಣಗಿನ ಶಬ್ದವಾದರೆ ರಾತ್ರಿಯೇ ಗಾಡಿ ಬಿಟ್ಟುಬರಬೇಕು. ಕಾದ ಗಾಡಿಯನ್ನು ಮಧ್ಯಾಹ್ನ ತಂದು 'ಶಬ್ದ ಹುಡುಕು' ಅಂದರೆ ಅವನೇನು ಮಾಟಗಾರನೇ?

ಗ್ಯಾರೇಜಿನವರಿಗೂ ಒಂದು ಮಾತು

ಕನ್ನಡಿ ಒಂದೇ ಕಡೆ ಹಿಡಿದರೆ ನ್ಯಾಯವಲ್ಲ. ಆಟೋ ಕಾಂಪ್ಲೆಕ್ಸಿನಿಂದ ಹಿಡಿದು ಓಣಿಯ ಗ್ಯಾರೇಜಿನ ತನಕ ನಿಯತ್ತಿನ ಕೆಲಸಗಾರರು ಇದ್ದೇ ಇದ್ದಾರೆ, ಊರಿನ ಗಾಡಿಗಳು ಓಡುತ್ತಿರುವುದೇ ಅವರಿಂದ. ಆದರೆ ಗೊತ್ತಾಗದ ಶಬ್ದಕ್ಕೆ 'ಗೊತ್ತಾಗ್ತಿಲ್ಲ, ಒಂದು ದಿನ ಬಿಡಿ' ಅನ್ನಲು ನಾಚಿಕೆಪಟ್ಟು 'ಇಂಜಿನ್ ಇಳಿಸಬೇಕು' ಅನ್ನುವವರೂ ಇದ್ದಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದರೆ ಮರ್ಯಾದೆ ಹೋಗುವುದಿಲ್ಲ. ಬಿಚ್ಚಿದ ಮೇಲೆ ಅದೇ ಶಬ್ದ ಬಂದರೆ ಖಂಡಿತ ಹೋಗುತ್ತದೆ.

ಈಗಿನ ಹುಡುಗರು ಸ್ಕ್ಯಾನರ್ ಹಿಡಿದು ಕಲಿತವರು. ಹೊಸ ಕಾರಿಗೆ ಅದು ಬೇಕೇ ಬೇಕು. ಆದರೆ ಹಳೇ ಕಾರ್ಬ್ಯುರೇಟರ್ ಓಮ್ನಿಗೆ ಸ್ಕ್ಯಾನರ್ ಚುಚ್ಚುವ ಜಾಗವೇ ಇಲ್ಲ. ಎಂಪಿಎಫ್‌ಐ ಗಾಡಿಯಲ್ಲೂ ಸವೆದ ಬೇರಿಂಗು, ಸುಟ್ಟ ಪ್ಯಾಕಿಂಗು ಯಾವ ಕಂಪ್ಯೂಟರಿಗೂ ಹೆಸರು ಹಿಡಿದು ಕಾಣುವುದಿಲ್ಲ. ಅಲ್ಲಿ ಬೇಕಾದದ್ದು ಉದ್ದನೆಯ ಸ್ಕ್ರೂಡ್ರೈವರ್. ತುದಿಯನ್ನು ಇಂಜಿನ್ನಿನ ಮೈಗೆ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿಕೊಂಡು ಕೇಳುವ ವಿದ್ಯೆ ಅದು. ಬೆಲ್ಟಿನಿಂದ ದೂರ ನಿಂತು ಕೇಳಬೇಕು. ಈ ವಿದ್ಯೆ ಹಳೇ ಮೇಸ್ತ್ರಿಗಳ ಜತೆಯಲ್ಲೇ ಮನೆ ಸೇರುತ್ತಿದೆ. ಐಟಿಐಯಲ್ಲಿ ಮೋಟಾರ್ ಮೆಕ್ಯಾನಿಕ್ ಕಲಿಸುವವರು ಇಂಥ ನಾಲ್ಕು ಜನ ಹಿರಿಯರನ್ನು ಕರೆಸಿ, ಕೆಟ್ಟ ಶಬ್ದದ ಇಂಜಿನ್ ಮುಂದೆ ಹುಡುಗರನ್ನು ನಿಲ್ಲಿಸಿ ಕೇಳಿಸಬಾರದೇಕೆ? ಪುಸ್ತಕದಲ್ಲಿ 'ನಾಕಿಂಗ್' ಎಂಬ ಪದ ಅಚ್ಚಾಗಿರುತ್ತದೆ, ಶಬ್ದ ಅಚ್ಚಾಗಿರುವುದಿಲ್ಲ.

ಆಗಬೇಕಾದ್ದೇನು?

ಹೊಸ ವ್ಯಾನ್ ಕೊಳ್ಳಿ ಎಂದು ಉಪದೇಶ ಮಾಡುವುದು ಸುಲಭ, ಕಿರಾಣಿ ಅಂಗಡಿಯವರಿಗೆ ಸಾಲದ ಕಂತು ಕಟ್ಟುವುದು ಕಷ್ಟ. ಹಳೇ ಗಾಡಿ ಇಟ್ಟುಕೊಳ್ಳುವುದೂ ಈಗ ಅಗ್ಗವಲ್ಲ. 15 ವರ್ಷ ದಾಟಿದ ಕಾರು, ವ್ಯಾನುಗಳ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದ ಶುಲ್ಕವನ್ನು 2022ರ ಏಪ್ರಿಲ್‌ನಿಂದ 5,000 ಮಾಡಿದರು. 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದರು. ಆರ್‌ಟಿಓ ಕಚೇರಿಗೆ ಇಷ್ಟು ತೆತ್ತು ಬಂದವರು ಬೇಡದ ಬೇರಿಂಗಿಗೂ ತೆರಬೇಕೇ?

ಆದ್ದರಿಂದ ಊರಿನಲ್ಲಿ ಒಂದು ಹೊಸ ಪದ್ಧತಿ ಶುರುವಾಗಲಿ. ಗ್ಯಾರೇಜಿನ ಬಾಗಿಲಿಗೆ 'ಶಬ್ದ ಪರೀಕ್ಷೆಗೆ ಇಷ್ಟು ಶುಲ್ಕ' ಎಂಬ ಬೋರ್ಡ್ ಬೀಳಲಿ. ಎರಡು ನೂರೋ ಮುನ್ನೂರೋ, ಗಾಡಿ ರಿಪೇರಿ ಮಾಡಿಸಿದರೂ ಬಿಟ್ಟರೂ ಅದು ಮೆಕ್ಯಾನಿಕ್‌ನ ಹಕ್ಕು. ಅದಕ್ಕೆ ಪ್ರತಿಯಾಗಿ ಯಾವ ಜಾಗ, ಯಾಕೆ, ಎಷ್ಟಾಗುತ್ತೆ, ಕಾಯಬಹುದೋ ಕಾಯಬಾರದೋ ಎಂದು ಅವನು ಚೀಟಿಯಲ್ಲಿ ಬರೆದುಕೊಡಲಿ. ಚೀಟಿ ಹಿಡಿದು ಇನ್ನೊಬ್ಬರನ್ನು ಕೇಳುವ ಸ್ವಾತಂತ್ರ್ಯ ಯಜಮಾನರಿಗೆ ಇರಲಿ. ಇಂಜಿನ್ ಇಳಿಸಲೇಬೇಕೆಂದರೆ ಇಳಿಸುವ ಮೊದಲು ಇಬ್ಬರನ್ನು ಕೇಳುವುದು ಕಡ್ಡಾಯ ಅಂದುಕೊಳ್ಳಿ. ತೆಗೆದ ಹಳೇ ಸಾಮಾನು ಕೈಗೆ ಬರಲಿ. ಸವೆದ ಬೇರಿಂಗ್ ಉಗುರಿಗೆ ಸಿಗುತ್ತದೆ, ಸವೆಯದ್ದು ನುಣ್ಣಗೆ ಹೊಳೆಯುತ್ತದೆ, ಯಾರು ಬೇಕಾದರೂ ನೋಡಿ ತಿಳಿಯಬಹುದು.

ಬಿಲ್ ಕೇಳಿ ಪಡೆಯಿರಿ. ಗ್ರಾಹಕರ ಸಂರಕ್ಷಣೆಗೆ 2019ರ ಕಾಯ್ದೆ ಇದೆ, ಜಿಲ್ಲೆಗೊಂದು ಗ್ರಾಹಕ ಆಯೋಗ ಇದೆ. ಆದರೆ ಬಾಯಿಮಾತಿನ ಲೆಕ್ಕ ಹಿಡಿದು ಹೋದವರಿಗೆ ಅಲ್ಲಿ ಏನು ಸಿಕ್ಕೀತು? ಗ್ಯಾರೇಜಿನಲ್ಲಿ ಬಿಲ್ ಕೇಳಲು ಸಂಕೋಚಪಡುವ ಅಂಗಡಿಯವರು, ತಮ್ಮ ಗಿರಾಕಿ ಬಿಲ್ ಕೇಳಿದರೆ ಯಾಕೆ ಮುಖ ಸಣ್ಣ ಮಾಡುತ್ತಾರೆ ಎಂಬುದು ಬೇರೆ ವಿಷಯ, ಅದು ಇನ್ನೊಂದು ದಿನಕ್ಕಿರಲಿ!

ಸ್ಕೂಲ್ ವ್ಯಾನುಗಳ ವಿಚಾರದಲ್ಲಿ ಮಾತ್ರ ಇಷ್ಟಕ್ಕೇ ಬಿಡುವಂತಿಲ್ಲ. ಗಾಡಿಗಳ ಎಫ್‌ಸಿ ಮಾಡುವ ಅಧಿಕಾರಿಗಳು ದೀಪ, ಬ್ರೇಕು, ಟೈರು ನೋಡಿ ಸಹಿ ಹಾಕುವಾಗ ಮುಂದಿನ ಸೀಟೊಂದನ್ನು ಎತ್ತಿಸಿ ಟಾರ್ಚ್ ಬಿಟ್ಟು ನೋಡಲಿ. ಎರಡು ನಿಮಿಷದ ಕೆಲಸ. ಮಸಿ ಕಂಡರೆ ವಾಪಸ್ ಕಳಿಸಲಿ. ಶಾಲೆಯವರು ತಿಂಗಳಿಗೊಮ್ಮೆ ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ, ತಿಳಿದ ಒಬ್ಬ ಮೇಸ್ತ್ರಿಯನ್ನು ಕರೆಸಿ ಎಲ್ಲ ವ್ಯಾನುಗಳನ್ನೂ ಸ್ಟಾರ್ಟ್ ಮಾಡಿಸಿ ಕೇಳಿಸಲಿ. ಅದಕ್ಕೆ ತಗಲುವ ದುಡ್ಡು ವಾರ್ಷಿಕೋತ್ಸವದ ಶಾಮಿಯಾನದ ಬಾಡಿಗೆಗಿಂತ ಹೆಚ್ಚಾಗಲಾರದು.

ಬಜಾರಿನ ಆ ವ್ಯಾನು ಈಗ ಬೆಳಿಗ್ಗೆ ಸದ್ದಿಲ್ಲದೆ ಯಾರ್ಡಿಗೆ ಹೋಗಿ ಬರುತ್ತಿದೆ. ಹುಡುಗನ ತಲೆನೋವೂ ಇಳಿದಿದೆ. ಸಾಹುಕಾರರು ಹಳೇ ಮೇಸ್ತ್ರಿಯ ಕಿವಿಯನ್ನು ಸಿಕ್ಕವರ ಮುಂದೆಲ್ಲ ಹೊಗಳುತ್ತಿದ್ದಾರೆ. ಹೊಗಳಿಕೆಯಿಂದ ಮೇಸ್ತ್ರಿಯ ಮನೆ ರೇಷನ್ ಬರುವುದಿಲ್ಲ ಎಂಬುದು ಕಿರಾಣಿ ಅಂಗಡಿ ನಡೆಸುವವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?